ಬೀಜಗಣಿತದ ಮೊದಲ ಪಾಠಕ್ಕೆ ನಮ್ಮ ಊರಿನ ಲೆಕ್ಕಗಳು: ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ?

ಸಂಜೆ ಪಾಠ, ಪಾಂಡವಪುರ

ನಮ್ಮ ಹಳ್ಳಿಯಲ್ಲಿ ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ, ಶೇಕಡಾ ಲೆಕ್ಕದವರೆಗೆ ಚೆನ್ನಾಗಿಯೇ ಬರುತ್ತಾರೆ. ಸಂಖ್ಯೆ ಇರಬೇಕಾದ ಜಾಗದಲ್ಲಿ ಅಕ್ಷರ ಕಂಡ ಕೂಡಲೇ ಪೆನ್ಸಿಲ್ ಕೆಳಗಿಡುತ್ತಾರೆ. ಡೇರಿಗೆ ಹಾಲು ಹಾಕಿ ಬರುವ ಹುಡುಗನೊಬ್ಬ ತಮ್ಮ ಮನೆಯ ಬಟವಾಡೆ ಎಷ್ಟು ಬರುತ್ತದೆಂದು ಬಾಯಲ್ಲೇ ಹೇಳುತ್ತಾನೆ. ಅದೇ ಹುಡುಗನ ಪುಸ್ತಕದಲ್ಲಿ 3ಕ + 6 = 9ಕ ಎಂದಿದೆ. ಯಾಕೆ ಎಂದು ಕೇಳಿದರೆ, "ಮೂರೂ ಆರೂ ಒಂಬತ್ತು ಅಕ್ಕ, ಪಕ್ಕದಲ್ಲಿದ್ದ ಕ ಹಾಗೆಯೇ ಇಟ್ಟೆ" ಎನ್ನುತ್ತಾನೆ. ಅವನ ಮಟ್ಟಿಗೆ ಅದು ಪ್ರಾಮಾಣಿಕ ಉತ್ತರ. ಕ ಎಂದರೆ ಏನು ಎಂದು ಅವನಿಗೆ ಯಾರೂ ಹೇಳಿಲ್ಲ.

ಬೆಂಕಿಕಡ್ಡಿ ಜೋಡಿಸಿ ವಿನ್ಯಾಸ ಮಾಡುವ ಚಟುವಟಿಕೆ ಗೊತ್ತಿದೆ, ಮಾಡಿಸಿದ್ದೇನೆ. ಅದರಾಚೆ ಮನೆ, ಗದ್ದೆ, ಸಂತೆಯಿಂದ ತೆಗೆದ ಯಾವ ಲೆಕ್ಕಗಳು ಈ ಮೊದಲ ಹೆಜ್ಜೆಗೆ ನಿಜಕ್ಕೂ ನೆರವಾಗುತ್ತವೆ? ತರಗತಿಯಲ್ಲಿ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕುವೆಂಪುನಗರದ ತಂದೆ

ಮೇಡಂ, ನನಗೆ ಈ "ದಿನನಿತ್ಯದ ಉದಾಹರಣೆ"ಗಳ ಮೇಲೆಯೇ ಅನುಮಾನವಿದೆ. ಒಂದು ಡಜನ್ ಬಾಳೆಹಣ್ಣಿಗೆ 60 ರೂಪಾಯಿ, ಒಂದರ ಬೆಲೆ ಎಷ್ಟು, 12ಬ = 60 ಎಂದು ಬರೆಯಿರಿ ಎನ್ನುತ್ತಾರೆ. ನನ್ನ ಮಗಳು ಕೇಳುತ್ತಿದ್ದ ಹಾಗೆಯೇ ಐದು ಎಂದಳು. ಆಮೇಲೆ, "ಉತ್ತರ ಗೊತ್ತಾದ ಮೇಲೂ ಇದನ್ನೆಲ್ಲ ಯಾಕೆ ಬರೆಯಬೇಕು ಅಪ್ಪ?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು ಎಂದೇ ನನ್ನ ಭಾವನೆ. ಬಾಯಿಲೆಕ್ಕದಲ್ಲಿ ಮುಗಿಯುವುದಕ್ಕೆ ಸಮೀಕರಣದ ವೇಷ ತೊಡಿಸಿದರೆ ಬೀಜಗಣಿತ ಸುಮ್ಮನೆ ಹೆಚ್ಚುವರಿ ಕೆಲಸ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ಹಾಗೆ ಒಮ್ಮೆ ತೀರ್ಮಾನಿಸಿದವರನ್ನು ಮತ್ತೆ ಒಲಿಸುವುದು ಕಷ್ಟ.

ಗಣಿತ ಶಿಕ್ಷಕಿ, ಶ್ರೀರಂಗಪಟ್ಟಣ

ನಿಮ್ಮ ಮಗಳ ಪ್ರಶ್ನೆಯನ್ನು ನಾನು ಪೂರ್ತಿ ಒಪ್ಪುತ್ತೇನೆ ಸರ್. ಒಂದೇ ಸಲ ಮಾಡಿ ಮುಗಿಸುವ ಲೆಕ್ಕಕ್ಕೆ ಅಕ್ಷರ ಬೇಕಿಲ್ಲ. ಅದೇ ಲೆಕ್ಕವನ್ನು ಬೇರೆ ಬೇರೆ ಸಂಖ್ಯೆ ಇಟ್ಟು ಮತ್ತೆ ಮತ್ತೆ ಮಾಡಬೇಕಾಗಿ ಬಂದಾಗ ಅಕ್ಷರಕ್ಕೆ ಕೆಲಸ ಬರುತ್ತದೆ. ಆದ್ದರಿಂದ ನಾನು ಸಮೀಕರಣದಿಂದ ಆರಂಭಿಸುವುದಿಲ್ಲ, ನಿಯಮದಿಂದ ಆರಂಭಿಸುತ್ತೇನೆ.

ಹಬ್ಬಕ್ಕೋ ನಾಮಕರಣಕ್ಕೋ ಶಾಮಿಯಾನದ ಅಂಗಡಿಯಿಂದ ಕುರ್ಚಿ ತರಿಸುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಗಾಡಿ ಬಾಡಿಗೆ 500 ರೂಪಾಯಿ, ಕುರ್ಚಿ ಒಂದಕ್ಕೆ 8 ರೂಪಾಯಿ ಎಂದಿಟ್ಟುಕೊಳ್ಳೋಣ. 50 ಕುರ್ಚಿ ಬೇಕೆಂದವರಿಗೆ ಎಷ್ಟು ಬಿಲ್, 100 ಬೇಕೆಂದವರಿಗೆ ಎಷ್ಟು, 120 ಬೇಕೆಂದವರಿಗೆ ಎಷ್ಟು? ಇಲ್ಲಿ ಒಂದು ಕಟ್ಟುನಿಟ್ಟು ಮಾಡುತ್ತೇನೆ: ಬರೀ 900, 1,300, 1,460 ಎಂದು ಉತ್ತರ ಬರೆದರೆ ಒಪ್ಪುವುದಿಲ್ಲ. ಮಾಡಿದ ಕೆಲಸವನ್ನೇ ಬರೆಯಬೇಕು.

500 + 8 × 50
500 + 8 × 100
500 + 8 × 120

ಮೂರು ಸಾಲನ್ನೂ ಒಂದರ ಕೆಳಗೊಂದು ನೋಡಿ, ಬದಲಾಗುತ್ತಿರುವುದರ ಕೆಳಗೆ ಗೆರೆ ಎಳೆಯಿರಿ ಎನ್ನುತ್ತೇನೆ. ಎಲ್ಲರೂ ಕೊನೆಯ ಸಂಖ್ಯೆಗೇ ಎಳೆಯುತ್ತಾರೆ. ಆ ಜಾಗಕ್ಕೆ ಒಂದು ಅಕ್ಷರ ಇಟ್ಟರೆ 500 + 8ಕ. ಅಂಗಡಿಯವರ ನಿಯಮ ಒಂದೇ ಸಾಲಿನಲ್ಲಿ ಬಂದುಬಿಟ್ಟಿತು. ಚರಾಕ್ಷರ (ಇಲ್ಲಿ ಕ), ಸ್ಥಿರಾಂಕ (500), ಸಹಗುಣಕ (8) ಎಂಬ ಹೆಸರುಗಳನ್ನು ಇದಾದ ಮೇಲೆ ಹೇಳಿದರೆ ಸಾಕು. ಆಮೇಲೆ ತಿರುಗಿಸಿ ಕೇಳಿ: ಬಿಲ್ 1,700 ಬಂದಿದೆ, ಎಷ್ಟು ಕುರ್ಚಿ ತರಿಸಿದ್ದರು? ಸಮೀಕರಣ ಎಂಬುದು ಇಲ್ಲಿ ತಾನಾಗಿಯೇ ಹುಟ್ಟುತ್ತದೆ.

ಇನ್ನು ಪಾಂಡವಪುರದ ಹುಡುಗನ 3ಕ + 6 = 9ಕ. ಅವನ ಪ್ರಕಾರ 500 + 8ಕ ಎಂದರೆ 508ಕ ಆಗಬೇಕು. ಆಗಲಿ, 50 ಕುರ್ಚಿಗೆ ಹಾಕಿ ನೋಡು ಎನ್ನಿ. 508 × 50 ಎಂದರೆ 25,400 ರೂಪಾಯಿ. ಐವತ್ತು ಪ್ಲಾಸ್ಟಿಕ್ ಕುರ್ಚಿಯ ಬಾಡಿಗೆ ಇಪ್ಪತ್ತೈದು ಸಾವಿರ ಆಗಲು ಸಾಧ್ಯವಿಲ್ಲ ಎಂದು ಅವನೇ ಹೇಳುತ್ತಾನೆ. ದಿನನಿತ್ಯದ ಸಂದರ್ಭಕ್ಕೆ ನಾನು ಬೆಲೆ ಕೊಡುವುದು ಈ ಕಾರಣಕ್ಕೆ. ಅದು ಪಾಠವನ್ನು ರುಚಿಕರ ಮಾಡುತ್ತದೆಯೋ ಇಲ್ಲವೋ, ಉತ್ತರ ಸರಿಯೇ ತಪ್ಪೇ ಎಂದು ಮಗು ತಾನೇ ಪರೀಕ್ಷಿಸಿಕೊಳ್ಳಲು ಒಂದು ದಾರಿ ಕೊಡುತ್ತದೆ. ಸಜಾತೀಯ ಪದಗಳನ್ನು, ಅಂದರೆ ಒಂದೇ ಅಕ್ಷರವಿರುವ ಪದಗಳನ್ನು, ಮಾತ್ರ ಕೂಡಬೇಕು ಎಂಬ ನಿಯಮವನ್ನು ಉರು ಹೊಡೆಸಿದರೆ ಆ ದಾರಿ ಸಿಗುವುದಿಲ್ಲ.

ಬಿ.ಇಡಿ. ವಿದ್ಯಾರ್ಥಿನಿ, ಮೈಸೂರು

ಮೇಡಂ, ಕುರ್ಚಿಗೆ ಕ, ಬಾಳೆಹಣ್ಣಿಗೆ ಬ ಎಂದು ವಸ್ತುವಿನ ಮೊದಲ ಅಕ್ಷರವನ್ನೇ ಬಳಸುವುದು ಒಳ್ಳೆಯದೇ? ಅಭ್ಯಾಸ ಬೋಧನೆಯಲ್ಲಿ ನಾನು ಹಾಗೆ ಮಾಡಿದೆ. ಮಕ್ಕಳು ಬೇಗ ಒಪ್ಪಿಕೊಂಡರು. ಆದರೆ 5ಬ ಎಂದರೇನು ಎಂದು ಕೇಳಿದಾಗ "ಐದು ಬಾಳೆಹಣ್ಣು" ಎಂದರು.

ಗಣಿತ ಶಿಕ್ಷಕಿ, ಶ್ರೀರಂಗಪಟ್ಟಣ

ಮೊದಲ ಪಾಠದ ಅತಿ ದೊಡ್ಡ ತೊಡಕನ್ನೇ ಹಿಡಿದಿದ್ದೀರಿ. 12ಬ = 60 ಎಂಬಲ್ಲಿ ಬ ಬಾಳೆಹಣ್ಣಲ್ಲ, ಒಂದು ಹಣ್ಣಿನ ಬೆಲೆ ಎಷ್ಟು ರೂಪಾಯಿ ಎಂಬ ಸಂಖ್ಯೆ. 500 + 8ಕ ಎಂಬಲ್ಲಿ ಕ ಕುರ್ಚಿಯಲ್ಲ, ಎಷ್ಟು ಕುರ್ಚಿ ಎಂಬ ಸಂಖ್ಯೆ. ಅಕ್ಷರ ಯಾವತ್ತೂ ಒಂದು ಸಂಖ್ಯೆಗೆ ನಿಲ್ಲುತ್ತದೆ, ವಸ್ತುವಿಗೆ ನಿಲ್ಲುವುದಿಲ್ಲ. "ಎರಡು ಸೇಬು, ಮೂರು ಬಾಳೆ ಕೂಡುವುದಿಲ್ಲ, ಹಾಗೆಯೇ 2ಸ + 3ಬ ಕೂಡುವುದಿಲ್ಲ" ಎಂದು ಹೇಳಿಕೊಡುವ ರೂಢಿ ಬಹಳ ಕಡೆ ಇದೆ. ಆ ದಿನಕ್ಕೆ ಸುಲಭ ಎನಿಸುತ್ತದೆ. ಮುಂದೆ ಸ × ಬ ಬಂದಾಗ ಸೇಬನ್ನು ಬಾಳೆಯಿಂದ ಗುಣಿಸುವುದು ಹೇಗೆ ಎಂದು ಮಗು ಕಂಗಾಲಾಗುತ್ತದೆ.

ಇದು ಎಷ್ಟು ಆಳವಾಗಿ ಕಾಡುತ್ತದೆ ಎನ್ನುವುದನ್ನು ನೋಡಬೇಕಾದರೆ ಹೂವಿನ ಅಳತೆ ಕೊಡಿ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ, ಮಾರಿನಲ್ಲಿ ಅಳೆದು ಕೊಡುತ್ತಾರೆ. ಒಂದು ಮಾರಿಗೆ ನಾಲ್ಕು ಮೊಳ. ಈಗ ಹೀಗೆ ಕೇಳಿ: ಕೊಂಡ ಹೂವು ಅ ಮಾರು, ಅದೇ ಹೂವನ್ನು ಮೊಳದಲ್ಲಿ ಅಳೆದರೆ ಇ ಮೊಳ. ಅ ಮತ್ತು ಇ ನಡುವಿನ ಸಂಬಂಧ ಬರೆಯಿರಿ. ತರಗತಿಯ ಬಹುಪಾಲು ಅ = 4ಇ ಎಂದು ಬರೆಯುತ್ತದೆ, ಏಕೆಂದರೆ "ಒಂದು ಮಾರು ಎಂದರೆ ನಾಲ್ಕು ಮೊಳ" ಎಂಬ ಮಾತನ್ನು ಅದೇ ಅನುಕ್ರಮದಲ್ಲಿ ಅಕ್ಷರಕ್ಕೆ ಇಳಿಸುತ್ತಾರೆ. ಮೂರು ಮಾರು ಹೂವು ಇಟ್ಟು ನೋಡಿ. ಅ 3, ಇ 12. ಸರಿಯಾದದ್ದು ಇ = 4ಅ. ದೊಡ್ಡವರೂ, ಪದವಿ ಓದಿದವರೂ ಇಲ್ಲಿ ಎಡವುತ್ತಾರೆ. ಅಕ್ಷರದ ಹಿಂದೆ "ಎಷ್ಟು" ಎಂಬ ಪ್ರಶ್ನೆ ಇದೆ ಎನ್ನುವುದು ಗಟ್ಟಿಯಾದರೆ ಈ ತಿರುವುಮುರುವು ನಿಲ್ಲುತ್ತದೆ. ಅದಕ್ಕೇ ನನ್ನ ಮಕ್ಕಳು ಲೆಕ್ಕದ ಮೊದಲ ಸಾಲಿನಲ್ಲಿ "ಕ = ಕುರ್ಚಿ" ಎಂದು ಬರೆದರೆ ಹೊಡೆದುಹಾಕಿ "ಕ = ಕುರ್ಚಿಗಳ ಸಂಖ್ಯೆ" ಎಂದು ಬರೆಸುತ್ತೇನೆ.

ನಿವೃತ್ತ ಉಪನ್ಯಾಸಕ, ಮೈಸೂರು

ಅಕ್ಷರದ ಆಯ್ಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬೀಜಗಣಿತ ಬರೆದಾಗ ಮೊದಲ ಅವ್ಯಕ್ತಕ್ಕೆ, ಅಂದರೆ ಗೊತ್ತಿಲ್ಲದ ಸಂಖ್ಯೆಗೆ, ಯಾವತ್ತಾವತ್ ಎಂದೂ, ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನೂ ಇಟ್ಟು, ಅವುಗಳ ಮೊದಲ ಅಕ್ಷರವನ್ನು ಬಳಸಿದರು. ಯಾ, ಕಾ, ನೀ, ಪೀ. ಲೆಕ್ಕದಲ್ಲಿರುವ ವಸ್ತುವಿಗೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ. ಮುತ್ತಿನ ಬೆಲೆಗೆ ಕಾ ಎಂದರೆ ಅದನ್ನು ಮುತ್ತು ಎಂದು ಯಾರೂ ಓದಲಾರರು. ಶಿಕ್ಷಕಿಯವರೇ, ನೀವು ಹೂವಿನ ಲೆಕ್ಕಕ್ಕೆ ಅ, ಇ ಎಂದು ಇಟ್ಟದ್ದು ನನಗೆ ಹಿಡಿಸಿತು.

ಸಂತೆಯ ಲೆಕ್ಕದಿಂದ ಬೀಜಗಣಿತ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ ಎನ್ನುವುದನ್ನೂ ಮಕ್ಕಳಿಗೆ ತಿಳಿಸಬೇಕು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದ ತುಂಬ ಹಣ್ಣು, ಹೂವು, ದುಂಬಿ, ವ್ಯಾಪಾರಿಗಳೇ ಇದ್ದಾರೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಬರೆದ. ಮಹಾವೀರರ ಒಂದು ಲೆಕ್ಕ ಹೀಗಿದೆ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು 107. 7 ಮಾದಲ ಮತ್ತು 9 ಬೇಲಕ್ಕೆ ಒಟ್ಟು 101. ಒಂದೊಂದರ ಬೆಲೆ ಏನು?

ಇದು ಎರಡು ಅವ್ಯಕ್ತಗಳ ಲೆಕ್ಕ, ಆರನೇ ತರಗತಿಗೆ ಭಾರ ಎನ್ನುತ್ತೀರಿ. ಸೂತ್ರ ಹೇಳದೆ ಮಾಡಿಸಿ ನೋಡಿ. ಎರಡೂ ಬುಟ್ಟಿಗಳನ್ನು ಒಂದೇ ಕಡೆ ಸುರಿದರೆ 16 ಮಾದಲ, 16 ಬೇಲ, ಒಟ್ಟು 208. ಹಾಗಾದರೆ ಒಂದು ಮಾದಲ ಮತ್ತು ಒಂದು ಬೇಲ ಸೇರಿ 13. ಈಗ ಎರಡು ಬುಟ್ಟಿಗಳನ್ನು ಹೋಲಿಸಿ. ಮೊದಲನೆಯದರಲ್ಲಿ ಮಾದಲ ಎರಡು ಹೆಚ್ಚು, ಬೇಲ ಎರಡು ಕಡಿಮೆ, ಬೆಲೆ 6 ಹೆಚ್ಚು. ಎಂದರೆ ಮಾದಲದ ಬೆಲೆ ಬೇಲಕ್ಕಿಂತ 3 ಹೆಚ್ಚು. ಎರಡೂ ಸೇರಿ 13, ವ್ಯತ್ಯಾಸ 3; ಮಾದಲ 8, ಬೇಲ 5. ಬಾಯಲ್ಲಿ ಇಷ್ಟು ವಾದ ಮಾಡಿದ ಮಗು ಅದನ್ನೇ ಅಕ್ಷರದಲ್ಲಿ ಬರೆದಾಗ ಪ್ರತಿ ಸಾಲಿನ ಹಿಂದೆ ಬುಟ್ಟಿ ಕಾಣುತ್ತದೆ. ಕುವೆಂಪುನಗರದವರ ಮಗಳಿಗೆ ಇದನ್ನು ಕೊಡಿ. ಬಾಯಿಲೆಕ್ಕ ಎಲ್ಲಿ ಸಾಲದೆ ಬರುತ್ತದೆ ಎಂದು ಅವಳಿಗೇ ತಿಳಿಯುತ್ತದೆ.

ಕಬ್ಬು ಬೆಳೆಗಾರ, ಮದ್ದೂರು

ನಾನು ಶಿಕ್ಷಕನಲ್ಲ. ಆದರೆ ಮಂಡ್ಯ ಜಿಲ್ಲೆಯ ಮಕ್ಕಳಿಗೆ ಬೀಜಗಣಿತ ಎಂದಾಗ ಕಬ್ಬನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಮೊದಲು ತೂಕ. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ನಿಂತಾಗ ಗಾಡಿ ಮತ್ತು ಕಬ್ಬಿನ ಒಟ್ಟು ತೂಕ ಬರುತ್ತದೆ, 15.8 ಟನ್ ಎನ್ನಿ. ಖಾಲಿ ಗಾಡಿಯ ತೂಕ ಕಬ್ಬು ಇಳಿಸಿ ವಾಪಸ್ ಬರುವಾಗ ಸಿಗುತ್ತದೆ, 5.3 ಟನ್. 5.3 + ಕ = 15.8, ಕಬ್ಬು 10.5 ಟನ್. ಇಲ್ಲಿ ಕಬ್ಬನ್ನಷ್ಟೇ ಬಿಡಿಯಾಗಿ ಯಾರೂ ತೂಗುವುದೇ ಇಲ್ಲ. ನಿಜವಾದ ಅವ್ಯಕ್ತ ಎಂದರೆ ಇದು. ರೈತನ ಮಗುವಿಗೆ ಈ ಕಳೆಯುವ ಲೆಕ್ಕ ಬರದಿದ್ದರೆ ಮನೆಗೆ ನಷ್ಟ.

ಆಮೇಲೆ ದರ. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಸಕ್ಕರೆ ಇಳುವರಿ (ಕಬ್ಬಿನ ತೂಕದಲ್ಲಿ ಸಕ್ಕರೆಯಾಗಿ ಸಿಗುವ ಪಾಲು) ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ 0.1 ಇಳಿದರೆ 3.46 ರೂಪಾಯಿ ಕಡಿತ, ಏರಿದರೆ ಅಷ್ಟೇ ಹೆಚ್ಚಳ. ಟನ್ ಲೆಕ್ಕದಲ್ಲಿ 3,550 ಮತ್ತು 34.60. ಇಳುವರಿ ಎಷ್ಟು ಹೆಜ್ಜೆ ಇಳಿದಿದೆ ಎನ್ನುವುದಕ್ಕೆ ಹ ಎಂದಿಟ್ಟರೆ, ಹೆಜ್ಜೆ ಒಂದಕ್ಕೆ 0.1, ದರ ಹೀಗಾಗುತ್ತದೆ:

3,550 − 34.6ಹ

ಇಳುವರಿ 9.75 ಆದರೆ ಐದು ಹೆಜ್ಜೆ ಇಳಿದಂತೆ, ಕಡಿತ 173, ದರ 3,377. ತಿರುಗಿಸಿಯೂ ಕೇಳಬಹುದು: ಚೀಟಿಯಲ್ಲಿ 3,377 ಎಂದಿದೆ, ಕಾರ್ಖಾನೆಯವರು ಹಿಡಿದ ಇಳುವರಿ ಎಷ್ಟು? ನಮ್ಮಲ್ಲಿ ಎಷ್ಟೋ ಜನ ಈ ಪ್ರಶ್ನೆ ಕೇಳುವುದೇ ಇಲ್ಲ, ಕೇಳಲು ಬರುವುದಿಲ್ಲ.

ಕಟಾವು ಮತ್ತು ಸಾಗಣೆಗೆ ಟನ್‌ಗೆ 900 ರೂಪಾಯಿ ಹಿಡಿಯುತ್ತಾರೆ ಎಂದಿಟ್ಟುಕೊಳ್ಳಿ. ಟ ಟನ್ ಕಬ್ಬಿಗೆ ಒಟ್ಟು ಹಣ 3377ಟ, ಅದರಲ್ಲಿ ಕಳೆಯುವುದು 900ಟ. ಮೊದಲೇ ಟನ್‌ಗೆ 2,477 ಎಂದು ಮಾಡಿಕೊಂಡು ಗುಣಿಸಿದರೂ ಅಷ್ಟೇ ಬರುತ್ತದೆ. ಕಾರ್ಖಾನೆಯ ಗುಮಾಸ್ತರು ಒಂದು ರೀತಿ, ನಮ್ಮ ತಂದೆ ಇನ್ನೊಂದು ರೀತಿ ಮಾಡುತ್ತಿದ್ದರು. ಎರಡೂ ಯಾಕೆ ಒಂದೇ ಆಗುತ್ತದೆ ಎಂದು ಮಕ್ಕಳು ಬಿಡಿಸಿ ಹೇಳುವಂತಾಗಲಿ.

ಗಣಿತ ಶಿಕ್ಷಕಿ, ಶ್ರೀರಂಗಪಟ್ಟಣ

ಅಣ್ಣ, 3377ಟ − 900ಟ = 2477ಟ ಎನ್ನುವುದಕ್ಕಿಂತ ಒಳ್ಳೆಯ ಸಜಾತೀಯ ಪದಗಳ ಪಾಠವನ್ನು ನಾನು ನೋಡಿಲ್ಲ. ಎರಡು ಪದಗಳಲ್ಲೂ ಟ ಒಂದೇ ಸಂಖ್ಯೆಯಾದ್ದರಿಂದ ಕಳೆಯಬಹುದು ಎಂಬ ಕಾರಣ ಅಲ್ಲಿ ಎದುರಿಗೇ ಇದೆ.

ಕುವೆಂಪುನಗರದ ತಂದೆ

ಮಹಾವೀರಾಚಾರ್ಯರ ಲೆಕ್ಕಕ್ಕೆ ಮಗಳು ನಿಜಕ್ಕೂ ಕಾಗದ ತೆಗೆದುಕೊಂಡಳು ಸರ್, ವಂದನೆಗಳು. ಬದಲಾಗುವ ಸಂಖ್ಯೆ, ಬದಲಾಗದ ನಿಯಮ ಎಂಬ ಮಾತು ಹಿಡಿದು ಹುಡುಕಿದರೆ ವಿದ್ಯುತ್ ಬಿಲ್ಲಿನಲ್ಲೂ ಒಂದು ಸಿಕ್ಕಿತು.

ಗೃಹಜ್ಯೋತಿಯಲ್ಲಿ 2022–23ರ ತಿಂಗಳ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, ಒಟ್ಟು 200 ಯೂನಿಟ್ ಮೀರದಂತೆ ಉಚಿತ ಪ್ರಮಾಣ ನಿಗದಿಯಾಯಿತು. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು ಸರ್ಕಾರ ತೀರ್ಮಾನಿಸಿತು. ಸರಾಸರಿಗೆ ಸ ಎಂದರೆ ಒಂದು ನಿಯಮ ಸ + ಸ/10, ಇನ್ನೊಂದು ಸ + 10. ನಲವತ್ತು ಯೂನಿಟ್‌ನ ಮನೆಗೆ ಮೊದಲು 44, ಆಮೇಲೆ 50. ಎರಡು ನಿಯಮಗಳೂ ಒಂದೇ ಫಲ ಕೊಡುವುದು ಯಾವಾಗ ಎಂದು ಮಗಳನ್ನು ಕೇಳಿದೆ. ಸ/10 = 10, ಅಂದರೆ ಸರಾಸರಿ 100 ಇದ್ದಾಗ ಎಂದಳು. ಅದಕ್ಕಿಂತ ಕುತೂಹಲದ್ದನ್ನು ಅವಳೇ ಕಂಡುಕೊಂಡಳು: ಸರಾಸರಿ 47 ಇದ್ದ ಮನೆಗೆ 57 ಯೂನಿಟ್, ಸರಾಸರಿ 50 ಇದ್ದ ಮನೆಗೆ 55. ಈ ಬಾರಿ ಯಾಕೆ ಬರೆಯಬೇಕು ಎಂದು ಕೇಳಲಿಲ್ಲ.

ಸಂಜೆ ಪಾಠ, ಪಾಂಡವಪುರ

ಎಲ್ಲರಿಗೂ ಕೃತಜ್ಞತೆಗಳು. ಕುರ್ಚಿಯ ಲೆಕ್ಕ ಮಾಡಿಸಿದೆ, ಗೆರೆ ಎಳೆಯುವ ಹೆಜ್ಜೆ ಬಹಳ ಚೆನ್ನಾಗಿ ನಡೆಯಿತು. ಈಗ ಎರಡು ಪ್ರಶ್ನೆಗಳು. ಸಮ ಚಿಹ್ನೆಯನ್ನು ಮಕ್ಕಳು "ಉತ್ತರ ಬಂತು" ಎಂದೇ ಓದುತ್ತಾರೆ. ತಕ್ಕಡಿ ತೋರಿಸಬಹುದೇ? ಮತ್ತೆ, ಋಣ ಸಂಖ್ಯೆ ಬಂದಾಗ ತಕ್ಕಡಿಯಲ್ಲಿ ಏನಿಡುವುದು?

ಗಣಿತ ಶಿಕ್ಷಕಿ, ಶ್ರೀರಂಗಪಟ್ಟಣ

ಮೊದಲು 8 + 4 = □ + 5 ಎಂದು ಕೊಟ್ಟು ನೋಡಿ. ಬಹಳ ಮಕ್ಕಳು ಚೌಕದಲ್ಲಿ 12 ಬರೆಯುತ್ತಾರೆ. ಅಲ್ಲಿಗೆ ತಕ್ಕಡಿ ತೋರಿಸುವುದು ಸರಿ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೆ ಮುಳ್ಳು ಅಲ್ಲಾಡುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆ, ಪದವನ್ನು ಸಮ ಚಿಹ್ನೆಯ ಆಚೆಗೆ ಒಯ್ಯುವ ಪಕ್ಷಾಂತರ ಹೇಳಿಕೊಡಿ. "ಆಚೆ ಹೋದರೆ ಚಿಹ್ನೆ ಬದಲು" ಎಂಬ ಮಂತ್ರವನ್ನು ಮೊದಲೇ ಕೊಟ್ಟರೆ 8ಕ = 1200 ಎಂಬಲ್ಲಿ 8ನ್ನು ಆಚೆ ಒಯ್ದು ಕಳೆಯುತ್ತಾರೆ.

ಋಣ ಸಂಖ್ಯೆಗೆ ತಕ್ಕಡಿ ಒದಗುವುದಿಲ್ಲ, ಒತ್ತಾಯಿಸಬೇಡಿ. ನಿಮ್ಮ ಊರಿಗೆ ಕನ್ನಂಬಾಡಿ ಅಣೆಕಟ್ಟೆ (ಕೆಆರ್‌ಎಸ್) ಹತ್ತಿರವೇ ಇದೆ. ಪತ್ರಿಕೆಯಲ್ಲಿ ದಿನವೂ ಬರುವ ಕೆಆರ್‌ಎಸ್ ನೀರಿನ ಮಟ್ಟದ ಚೌಕವನ್ನು ಕತ್ತರಿಸಿ ತರಲು ಹೇಳಿ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಒಳಹರಿವು ಒ, ಹೊರಹರಿವು ಬ ಎಂದಾದರೆ ಸಂಗ್ರಹಕ್ಕೆ ಸೇರುವುದು ಸೆಕೆಂಡಿಗೆ ಒ − ಬ ಘನ ಅಡಿ, ಅಂದರೆ ಕ್ಯೂಸೆಕ್. ಮಳೆಗಾಲದಲ್ಲಿ ಇದು ಧನ, ಬೇಸಿಗೆಯಲ್ಲಿ ಋಣ. ಸೊನ್ನೆಗಿಂತ ಕಡಿಮೆ ಎಂದರೇನು ಎಂದು ಮಂಡ್ಯದ ಮಗುವಿಗೆ ಬೇರೆ ವಿವರಣೆ ಬೇಕಾಗದು. ದಿನಕ್ಕೆ 86,400 ಸೆಕೆಂಡು, ಹಾಗಾಗಿ ಒಳಹರಿವು ಹೊರಹರಿವಿಗಿಂತ ಸುಮಾರು 11,574 ಕ್ಯೂಸೆಕ್ ಹೆಚ್ಚಿದ್ದರೆ ಒಂದು ದಿನದಲ್ಲಿ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಸೇರುತ್ತದೆ. ಆವಿಯಾಗುವುದನ್ನು ಸದ್ಯ ಬಿಡಿ. ಏಳನೇ ತರಗತಿಯವರು ಈ ಗುಣಾಕಾರವನ್ನು ಖುಷಿಯಿಂದ ಮಾಡುತ್ತಾರೆ, ದೊಡ್ಡ ಸಂಖ್ಯೆ ಎಂದರೆ ಅವರಿಗೆ ಇಷ್ಟ.

ಬಿ.ಇಡಿ. ವಿದ್ಯಾರ್ಥಿನಿ, ಮೈಸೂರು

ಮದ್ದೂರಿನ ಅಣ್ಣನವರಿಗೆ ಒಂದು ಪ್ರಶ್ನೆ. 3,550 − 34.6ಹ ಎಂಬಲ್ಲಿ ಹ ಎಷ್ಟು ದೊಡ್ಡದಾದರೂ ಆಗಬಹುದೇ? ಇಳುವರಿ 9ಕ್ಕೆ ಇಳಿದರೆ ದರ ಇನ್ನೂ ಕೆಳಗೆ ಹೋಗುತ್ತದೆಯೇ?

ಕಬ್ಬು ಬೆಳೆಗಾರ, ಮದ್ದೂರು

ಇಲ್ಲ ಅಮ್ಮ. ಇಳುವರಿ 9.5ಕ್ಕಿಂತ ಕಡಿಮೆಯಾದರೆ ಮುಂದಕ್ಕೆ ಕಡಿತವಿಲ್ಲ. ಕ್ವಿಂಟಲ್‌ಗೆ 329.05, ಟನ್‌ಗೆ 3,290.50ಕ್ಕೆ ನಿಲ್ಲುತ್ತದೆ. ಆ ಸೂತ್ರದಲ್ಲಿ ಹ 7.5 ದಾಟಬಾರದು, ದಾಟಿದರೆ 7.5 ಎಂದೇ ಹಿಡಿಯಬೇಕು. ಇಳುವರಿ 10.25ಕ್ಕಿಂತ ಏರಿದರೆ ಹ ಋಣವಾಗುತ್ತದೆ, ಆಗ ದರ ಹೆಚ್ಚುತ್ತದೆ, ಸೂತ್ರ ಹಾಗೆಯೇ ನಡೆಯುತ್ತದೆ.

ಪಾಂಡವಪುರದ ಮೇಡಂ, ನಮ್ಮ ಮನೆಯಲ್ಲಿ ಹಿಂದಿನ ಹಂಗಾಮುಗಳ ತೂಕದ ಚೀಟಿಗಳ ಕಟ್ಟು ಇದೆ. ಹೆಸರು, ಖಾತೆ ಸಂಖ್ಯೆ ಕಾಣದಂತೆ ಮಾಡಿ ಜೆರಾಕ್ಸ್ ತೆಗೆಸಿ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತೇನೆ. ಕೆಲವು ಚೀಟಿಗಳಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚಿರುತ್ತೇನೆ, ಮಕ್ಕಳೇ ತುಂಬಲಿ.